ಅತ್ತೆ-ಮಾವ, ಇಬ್ಬರು ಮಕ್ಕಳು, ಕಾರಿಲ್ಲ: ವ್ಯಾಂಕೂವರ್‌ನಲ್ಲಿ ಎಲ್ಲರೂ ಒಟ್ಟಿಗೆ ಎಲ್ಲಿ ಹೋಗಬಹುದು?

ಸರ್ರೆಯ ಶಿರಸಿ ಸೊಸೆ

ಎಲ್ಲರಿಗೂ ನಮಸ್ಕಾರ. ನಮ್ಮ ಮನೆ ಕೆನಡಾದ ವ್ಯಾಂಕೂವರ್ ಪಕ್ಕದ ಸರ್ರೆಯಲ್ಲಿ, ಕಿಂಗ್ ಜಾರ್ಜ್ ಸ್ಟೇಷನ್ ಹತ್ತಿರ. ಜುಲೈ ಶುರುವಿಗೆ ಶಿರಸಿಯಿಂದ ಅತ್ತೆ-ಮಾವ ಬರುತ್ತಿದ್ದಾರೆ, ಆಗಸ್ಟ್ ಕೊನೆ ತನಕ ಇರುತ್ತಾರೆ. ಮಗಳಿಗೆ 9 ವರ್ಷ, ಮಗನಿಗೆ 4. ಮಾವನಿಗೆ ಮಂಡಿ ನೋವು. ಸಮತಟ್ಟಾದ ಕಡೆ ಎಷ್ಟು ಬೇಕಾದರೂ ನಡೆಯುತ್ತಾರೆ, ಮೆಟ್ಟಿಲು ಮಾತ್ರ ಆಗುವುದಿಲ್ಲ. ಅತ್ತೆ ಗಟ್ಟಿಗರು. ತೋಟ, ಗುಡ್ಡ ಓಡಾಡಿದವರು. ಅವರಿಗೆ ಹಿಮ ನೋಡಬೇಕು ಅಂತ ತುಂಬಾ ಆಸೆ.

ನಮ್ಮ ಹತ್ತಿರ ಕಾರಿಲ್ಲ. ಇಬ್ಬರೂ ಸಸ್ಯಾಹಾರಿಗಳು, ಹೊರಗೆ ತಿನ್ನುವುದು ಕಮ್ಮಿ. ನೆಟ್‌ನಲ್ಲಿ ನೋಡಿದ ಪಟ್ಟಿಗಳಲ್ಲಿ ಎಲ್ಲಾ ಕಡೆ ಟಿಕೆಟ್ ಇರುವ ಜಾಗಗಳೇ. ಆರು ಜನಕ್ಕೆ ಲೆಕ್ಕ ಹಾಕಿದರೆ ತಿಂಗಳ ಬಾಡಿಗೆ ಹತ್ತಿರ ಬರುತ್ತಿದೆ. ಮಕ್ಕಳಿಗೂ ಬೇಜಾರಾಗಬಾರದು, ಹಿರಿಯರಿಗೂ ಸುಸ್ತಾಗಬಾರದು. ಗೊತ್ತಿರುವವರು ಹೇಳಿ ಪ್ಲೀಸ್.

ಬರ್ನಬಿ ಮಾಮ

ತಂಗೀ, ಮೊದಲು ಒಂದು ಮಾತು. ದಿನಕ್ಕೆ ಒಂದೇ ಜಾಗ ಇಟ್ಟುಕೊಳ್ಳಿ. ಬೆಳಿಗ್ಗೆ ಒಂದು, ಮಧ್ಯಾಹ್ನ ಒಂದು, ಸಂಜೆ ಒಂದು ಅಂತ ಓಡಿಸಿದರೆ ನಾಲ್ಕು ವರ್ಷದವನೂ ಅಳುತ್ತಾನೆ, ಎಪ್ಪತ್ತರವರೂ ಮಾತು ನಿಲ್ಲಿಸುತ್ತಾರೆ. ಈ ಊರಿನಲ್ಲಿ ಸಮುದ್ರ, ಕಾಡು, ಬೆಟ್ಟ ಮೂರೂ ಒಂದೇ ಕಡೆ ಇವೆ. ಅವನ್ನು ನೋಡಲು ದುಡ್ಡು ಕೊಡಬೇಕಾಗಿಲ್ಲ. ಟಿಕೆಟ್ ಜಾಗ ಒಂದೋ ಎರಡೋ ಇರಲಿ, ಉಳಿದದ್ದೆಲ್ಲ ನೀರಿನ ಪಕ್ಕ ಕಳೆಯಿರಿ.

ಕಾರಿಲ್ಲ ಅಂತ ಚಿಂತೆ ಬೇಡ. ಬಸ್, ಸ್ಕೈಟ್ರೇನ್ (ಇಲ್ಲಿಯ ಮೆಟ್ರೋ ರೈಲು), ಸೀಬಸ್ (ಜನರನ್ನು ಆಚೆ ದಡಕ್ಕೆ ದಾಟಿಸುವ ದೋಣಿ) ಮೂರರಲ್ಲೂ 12 ವರ್ಷದವರೆಗಿನ ಮಕ್ಕಳಿಗೆ ಟಿಕೆಟ್ಟೇ ಇಲ್ಲ. 65 ದಾಟಿದವರಿಗೆ ರಿಯಾಯಿತಿ ಇದೆ, ವಯಸ್ಸು ತೋರಿಸುವ ಗುರುತಿನ ಚೀಟಿ ಜೊತೆಗಿರಲಿ. ಶನಿವಾರ, ಭಾನುವಾರ ಎಲ್ಲಿಂದ ಎಲ್ಲಿಗೆ ಹೋದರೂ ಒಂದೇ ವಲಯದ ದರ. ಸರ್ರೆಯಿಂದ ಬರುವವರಿಗೆ ಇದು ದೊಡ್ಡ ಉಳಿತಾಯ. ವಾರದ ದಿನ ಸಂಜೆ ಆರೂವರೆ ಮೇಲೂ ಹಾಗೆಯೇ.

ನಿಮ್ಮ ಸ್ಟೇಷನ್ನೇ ಲೈನಿನ ತುದಿ ಆಗಿರುವುದರಿಂದ ಇನ್ನೊಂದು ಅನುಕೂಲ. ರೈಲು ಖಾಲಿ ಇರುತ್ತದೆ. ಮೊದಲ ಬೋಗಿಯ ಮುಂದಿನ ಸೀಟು ಹಿಡಿಯಿರಿ. ಈ ರೈಲಿಗೆ ಡ್ರೈವರ್ ಇಲ್ಲ, 1980ರ ದಶಕದಲ್ಲಿ ಶುರುವಾದಾಗಿನಿಂದಲೂ ಇಲ್ಲ. ಎದುರಿಗೆ ಗಾಜು ಅಷ್ಟೇ. ಸ್ಕಾಟ್ ರೋಡ್ ದಾಟಿದ ಕೂಡಲೇ ಫ್ರೇಸರ್ ನದಿಯ ಮೇಲಿನ ಸೇತುವೆ ಬರುತ್ತದೆ. 600 ಮೀಟರಿಗಿಂತ ಉದ್ದ. ಮಗು ಅಜ್ಜನ ತೊಡೆಯ ಮೇಲೆ ಕೂತು ಕಂಬಿ ಎದುರಿಗೆ ಓಡಿ ಬರುವುದನ್ನು ನೋಡಲಿ. ಕೆಳಗೆ ಮರದ ದಿಮ್ಮಿಗಳನ್ನು ಸಾಗಿಸುವ ದೋಣಿ, ಆಚೆ ಕಡೆ ಬೆಟ್ಟದ ಸಾಲು. ಮೊದಲ ದಿನ ಇದೇ ಒಂದು ಪ್ರವಾಸ ಅಂದುಕೊಳ್ಳಿ.

ಹಾಗೇ ವಾಟರ್‌ಫ್ರಂಟ್ ತನಕ ಬಂದು ಸೀಬಸ್ ಹತ್ತಿ. ಅದೇ ಟಿಕೆಟ್ ನಡೆಯುತ್ತದೆ. ಸುಮಾರು 12 ನಿಮಿಷದಲ್ಲಿ ಆಚೆ ದಡದ ಲಾನ್ಸ್‌ಡೇಲ್ ಕೀ. ಇಳಿದ ಜಾಗದಲ್ಲೇ ಮಾರ್ಕೆಟ್ ಇದೆ. ಪಕ್ಕದಲ್ಲಿ ಹಳೆಯ ಹಡಗುಕಟ್ಟೆ, ಈಗ ಅದನ್ನು ಶಿಪ್‌ಯಾರ್ಡ್ಸ್ ಅಂತ ಜನ ಕೂರುವ, ಓಡಾಡುವ ಜಾಗ ಮಾಡಿದ್ದಾರೆ. ಬೇಸಿಗೆಯಲ್ಲಿ ಮಕ್ಕಳು ನೆನೆಯಲು ನೀರಿನ ಚಿಲುಮೆಗಳಿವೆ. ಪೂರ್ತಿ ಸಮತಟ್ಟು. ಮಾವನವರು ಬೆಂಚಿನ ಮೇಲೆ ಕೂತು ಹಡಗು ನೋಡಬಹುದು. ಟವೆಲ್, ಒಂದು ಜೊತೆ ಬಟ್ಟೆ ಒಯ್ಯಿರಿ.

ನಾರ್ತ್ ವ್ಯಾನ್ ಅಮ್ಮ

ಮಾಮ ಹೇಳಿದ್ದು ಸರಿ. ನಾನು ಬೆಟ್ಟದ ಕಡೆಯವಳು, ಹಾಗಾಗಿ ಲಿನ್ ಕ್ಯಾನಿಯನ್ ಬಗ್ಗೆ ಹೇಳುತ್ತೇನೆ. ಕ್ಯಾಪಿಲಾನೊ ತೂಗುಸೇತುವೆ ಎಲ್ಲರಿಗೂ ಗೊತ್ತು. 1889ರಲ್ಲಿ ಮೊದಲು ಕಟ್ಟಿದ್ದು, 140 ಮೀಟರ್ ಉದ್ದ, 70 ಮೀಟರ್ ಎತ್ತರ. ಟಿಕೆಟ್ ದುಬಾರಿ, ಬೇಸಿಗೆಯಲ್ಲಿ ವಿಪರೀತ ಜನ. ಲಿನ್ ಕ್ಯಾನಿಯನ್‌ನಲ್ಲೂ ತೂಗುಸೇತುವೆ ಇದೆ. ಚಿಕ್ಕದು, ಆದರೆ ಕಣಿವೆಯಿಂದ 50 ಮೀಟರ್ ಮೇಲೆ. ಪ್ರವೇಶ ಪೂರ್ತಿ ಉಚಿತ. ಎಲ್ಲಾ ಕಡೆ ಪಾಚಿ ಹಿಡಿದ ದೊಡ್ಡ ದೊಡ್ಡ ಮರ. ಲಾನ್ಸ್‌ಡೇಲ್ ಕೀಯಿಂದ ಬಸ್ ಇದೆ.

ಆದರೆ ಎರಡು ವಿಷಯ ಗಮನದಲ್ಲಿರಲಿ. ಸೇತುವೆ ದಾಟಿದ ಮೇಲೆ ಕೆಳಗೆ ನೀರಿನ ಹೊಂಡಗಳಿಗೆ ಹೋಗಲು ತುಂಬಾ ಮೆಟ್ಟಿಲು. ನಿಮ್ಮ ಮಾವನವರು ಸೇತುವೆ ನೋಡಿಕೊಂಡು ಈಚೆಗೇ ಇರಲಿ. ಅಲ್ಲೇ ಇಕಾಲಜಿ ಸೆಂಟರ್ ಇದೆ, ಮಕ್ಕಳು ಮುಟ್ಟಿ ನೋಡುವಂಥ ವಸ್ತುಗಳಿವೆ. ಎರಡನೆಯದು, ಬೇಲಿ ದಾಟಿ ಬಂಡೆಯ ಅಂಚಿಗೆ ಯಾರೂ ಹೋಗಬಾರದು. ಅಲ್ಲಿಂದ ನೀರಿಗೆ ಹಾರಿ ಪ್ರಾಣ ಕಳೆದುಕೊಂಡವರಿದ್ದಾರೆ. ನೀರು ಬೇಸಿಗೆಯಲ್ಲೂ ಹಿಮ ಕರಗಿದಷ್ಟು ತಣ್ಣಗೆ, ಸೆಳೆತ ಜೋರು. ನಾಲ್ಕು ವರ್ಷದವನ ಕೈ ಬಿಡಲೇಬೇಡಿ.

ಕುಂದಾಪ್ರದವ

ನಾನು ಮೀನಿನ ಊರಿನವ, ಮೀನಿನ ಬಗ್ಗೆಯೇ ಹೇಳುತ್ತೇನೆ. ಸಸ್ಯಾಹಾರಿಗಳಾದರೂ ಪರವಾಗಿಲ್ಲ, ಇದು ತಿನ್ನುವ ವಿಷಯ ಅಲ್ಲ.

ಕ್ಯಾಪಿಲಾನೊ ನದಿಯಲ್ಲಿ ಸರ್ಕಾರದ ಸಾಲ್ಮನ್ ಮರಿ ಸಾಕಣೆ ಕೇಂದ್ರ ಇದೆ. ಸೇತುವೆ ಪಾರ್ಕ್ ಬೇರೆ, ಇದು ಬೇರೆ, ಇದು ಉಚಿತ. 1954ರಲ್ಲಿ ಮೇಲೆ ಕ್ಲೀವ್‌ಲ್ಯಾಂಡ್ ಅಣೆಕಟ್ಟು ಕಟ್ಟಿದ ಮೇಲೆ ಮೀನುಗಳಿಗೆ ಹೊಳೆಯ ಮೇಲ್ಭಾಗಕ್ಕೆ ಹೋಗಲು ದಾರಿ ಇಲ್ಲದಾಯಿತು. ಅದಕ್ಕೇ 1971ರಲ್ಲಿ ಇದನ್ನು ಶುರು ಮಾಡಿದ್ದು. ಸಾಲ್ಮನ್ ಹೊಳೆಯಲ್ಲಿ ಹುಟ್ಟುತ್ತದೆ, ಸಮುದ್ರದಲ್ಲಿ ಬೆಳೆಯುತ್ತದೆ, ಮೊಟ್ಟೆ ಇಡಲು ಹುಟ್ಟಿದ ಹೊಳೆಗೇ ವಾಪಸ್ ಬರುತ್ತದೆ. ಹರಿಯುವ ನೀರಿಗೆ ಎದುರಾಗಿ ಹತ್ತಲು ಕಾಂಕ್ರೀಟಿನ ಮೆಟ್ಟಿಲು-ತೊಟ್ಟಿಗಳನ್ನು ಕಟ್ಟಿದ್ದಾರೆ. ಅದರ ಒಂದು ಗೋಡೆ ಗಾಜು. ಮಗುವಿನ ಮೂಗಿನ ಎದುರಿಗೇ ಮೊಣಕೈ ಉದ್ದದ ಮೀನು ನೀರಿಗೆ ಎದುರಾಗಿ ನಿಂತಲ್ಲೇ ಈಜುತ್ತಿರುತ್ತದೆ. ಬಾಲ ಅಲ್ಲಾಡುತ್ತದೆ, ಮೀನು ಮುಂದೆ ಹೋಗುವುದಿಲ್ಲ. ಆಮೇಲೆ ಒಂದೇ ಸಲ ಚಿಮ್ಮಿ ಮೇಲಿನ ತೊಟ್ಟಿಗೆ ಬೀಳುತ್ತದೆ. ನನ್ನ ಮಗಳು ಅಲ್ಲಿಂದ ಏಳುವುದೇ ಇಲ್ಲ, ಎಳೆದುಕೊಂಡು ಬರಬೇಕು. ಕೋಹೊ ಜಾತಿ ಬೇಸಿಗೆಯಿಂದಲೇ ಬರಲು ಶುರು, ದೊಡ್ಡ ಚಿನೂಕ್ ಶರತ್ಕಾಲಕ್ಕೆ. ಹಾಗಾಗಿ ನೀವು ಜುಲೈಗಿಂತ ಆಗಸ್ಟ್ ಕೊನೆಗೆ ಹೋದರೆ ಒಳ್ಳೆಯದು.

ಲಾನ್ಸ್‌ಡೇಲ್ ಕೀಯಿಂದ 236ನೇ ಬಸ್ ಅಣೆಕಟ್ಟಿನ ಹತ್ತಿರ ಬಿಡುತ್ತದೆ. ಅಣೆಕಟ್ಟಿನ ಮೇಲೆ ನಡೆಯುವುದು ಸಲೀಸು. ಅಲ್ಲಿಂದ ಮೀನು ಕೇಂದ್ರಕ್ಕೆ ಇಳಿಜಾರು. ಮಂಡಿ ನೋವಿದ್ದವರಿಗೆ ಇಳಿಯುವುದೇ ಕಷ್ಟ ಅಲ್ವಾ? ಆ ಒಂದು ದಿನ ಟ್ಯಾಕ್ಸಿ ಮಾಡಿ.

ಸರ್ರೆಯ ಶಿರಸಿ ಸೊಸೆ

ಅಬ್ಬಾ, ಎಷ್ಟೊಂದು ವಿಷಯ! ಎಲ್ಲರಿಗೂ ಥ್ಯಾಂಕ್ಸ್. ಮಾವನಿಗೆ ಹೊಳೆ, ಮೀನು ಅಂದರೆ ತುಂಬಾ ಇಷ್ಟ, ಶಾಲ್ಮಲಾ ಹೊಳೆಯ ದಡದಲ್ಲಿ ಬೆಳೆದವರು. ಅತ್ತೆಯ ಹಿಮದ ಆಸೆಗೆ ಏನು ಮಾಡಲಿ? ಜುಲೈಯಲ್ಲಿ ಗ್ರೌಸ್ ಮೌಂಟನ್ ಮೇಲೆ ಹಿಮ ಇರುತ್ತಾ? ಸ್ಟ್ಯಾನ್ಲಿ ಪಾರ್ಕ್ ಬಗ್ಗೆಯೂ ಯಾರಾದರೂ ಹೇಳಿ. ತುಂಬಾ ದೊಡ್ಡದು, ಎಲ್ಲಿಂದ ಶುರು ಮಾಡಬೇಕೋ ಗೊತ್ತಾಗುತ್ತಿಲ್ಲ.

ಕೆಜಿಎಫ್ ಮೊಮ್ಮಗ

ಅಕ್ಕಾ, ಗ್ರೌಸ್ ಎತ್ತರ 1,231 ಮೀಟರ್ ಅಷ್ಟೇ. ಜುಲೈ ಹೊತ್ತಿಗೆ ಹಿಮ ಸಿಗುತ್ತೆ ಅಂತ ನಂಬಿ ಹೋಗಬೇಡಿ. ಹಿಮವೇ ಬೇಕು ಅಂದರೆ ವಿಸ್ಲರ್‌ಗೆ ಹೋಗಿ, ಸುಮಾರು 120 ಕಿಲೋಮೀಟರ್. ಡೌನ್‌ಟೌನ್‌ನಿಂದ ಬಸ್‌ಗಳಿವೆ. ಗೊಂಡೋಲಾದಲ್ಲಿ (ತಂತಿಗೆ ತೂಗುಬಿದ್ದು ಸಾಗುವ ಡಬ್ಬಿ) ಕೂತೇ ಮೇಲೆ ಹೋಗಬಹುದು, ಮಂಡಿಗೆ ತೊಂದರೆ ಇಲ್ಲ. ಮೇಲಿನಿಂದ ಪಕ್ಕದ ಬ್ಲ್ಯಾಕ್‌ಕೂಂಬ್ ಬೆಟ್ಟಕ್ಕೆ ಇನ್ನೊಂದು ಗೊಂಡೋಲಾ ಇದೆ, 4.4 ಕಿಲೋಮೀಟರ್ ಉದ್ದ, 2008ರಲ್ಲಿ ಶುರುವಾಗಿದ್ದು. ಜುಲೈ ಮೊದಲರ್ಧದಲ್ಲಿ ಮೇಲೆ ಅಲ್ಲಲ್ಲಿ ಹಿಮ ಉಳಿದಿರುತ್ತದೆ. ನಿಮ್ಮ ಟಿಕೆಟ್ ದುಡ್ಡನ್ನೆಲ್ಲ ಈ ಒಂದು ದಿನಕ್ಕೇ ಇಡಿ ಅನ್ನುತ್ತೇನೆ. ಅತ್ತೆ ಊರಿಗೆ ಹೋಗಿ ವರ್ಷಗಟ್ಟಲೆ ಹೇಳುತ್ತಾರೆ.

ಅದೇ ರಸ್ತೆಯಲ್ಲಿ ಬ್ರಿಟಾನಿಯಾ ಬೀಚ್ ಅಂತ ಇದೆ. ಬಾಡಿಗೆ ಕಾರು ತೆಗೆದುಕೊಂಡರೆ ಅಲ್ಲಿ ಇಳಿಯಿರಿ. ಹಳೆಯ ತಾಮ್ರದ ಗಣಿ, ಈಗ ಮ್ಯೂಸಿಯಂ. ನನ್ನ ತಾತ ಕೋಲಾರದ ಚಿನ್ನದ ಗಣಿಯಲ್ಲಿ ದುಡಿದವರು, ಹಾಗಾಗಿ ನನಗೆ ಈ ಜಾಗದ ಮೇಲೆ ಬಹಳ ಪ್ರೀತಿ. ಒಂದು ಕಾಲಕ್ಕೆ ಬ್ರಿಟಿಷ್ ಸಾಮ್ರಾಜ್ಯದಲ್ಲೇ ಅತಿ ಹೆಚ್ಚು ತಾಮ್ರ ತೆಗೆದ ಗಣಿ ಇದು, 1974ರಲ್ಲಿ ಮುಚ್ಚಿತು. ಮಕ್ಕಳನ್ನು ಪುಟ್ಟ ರೈಲಿನಲ್ಲಿ ಸುರಂಗದೊಳಗೆ ಕರೆದುಕೊಂಡು ಹೋಗಿ ಹಳೆಯ ಡ್ರಿಲ್ ಓಡಿಸಿ ತೋರಿಸುತ್ತಾರೆ. ಸದ್ದು ಜೋರು, ಚಿಕ್ಕವನಿಗೆ ಮೊದಲೇ ಹೇಳಿಡಿ. ಬೆಟ್ಟದ ಇಳಿಜಾರಿಗೆ ಅಂಟಿಕೊಂಡಂತೆ ಅದಿರು ಅರೆಯುವ ದೊಡ್ಡ ಕಟ್ಟಡ ಇದೆ. ಅದಿರನ್ನು ಮೇಲೆ ಹಾಕಿದರೆ ತನ್ನ ಭಾರಕ್ಕೇ ಹಂತ ಹಂತವಾಗಿ ಇಳಿದು ಬರುವ ಹಾಗೆ ಕಟ್ಟಿದ್ದು. ಆಮೇಲೆ ಹೊರಗೆ ತೊಟ್ಟಿಯಲ್ಲಿ ಮಕ್ಕಳು ಮರಳು ತೊಳೆದು ಚಿನ್ನದ ಚೂರು ಹುಡುಕಬಹುದು. ತಾತ ಇದ್ದಿದ್ದರೆ ಕರೆದುಕೊಂಡು ಹೋಗುತ್ತಿದ್ದೆ.

ಕಾರು ಬಾಡಿಗೆಗೆ ತೆಗೆದುಕೊಂಡರೆ ಮಕ್ಕಳ ಸೀಟು ಕಡ್ಡಾಯ. ಇಲ್ಲಿ 9 ವರ್ಷ ತುಂಬುವ ತನಕ ಅಥವಾ 145 ಸೆಂಟಿಮೀಟರ್ ಎತ್ತರ ಆಗುವ ತನಕ ಬೂಸ್ಟರ್ (ಮಗುವನ್ನು ಎತ್ತರಿಸಿ ಕೂರಿಸುವ ಸೀಟು) ಬೇಕು. ನಿಮ್ಮ ಮಗಳು ಪಾಸಾಗಿದ್ದಾಳೆ, ಮಗನಿಗೆ ಮಕ್ಕಳ ಸೀಟು ಬೇಕೇ ಬೇಕು.

ಬರ್ನಬಿ ಮಾಮ

ಹಿಮವನ್ನು ದೂರದಿಂದ ನೋಡಿದರೂ ಸಾಕು ಅಂದರೆ ಸರ್ರೆಯಲ್ಲೇ ಇದೆಯಲ್ಲ. ಮೋಡ ಇಲ್ಲದ ದಿನ ತೆರೆದ ಜಾಗದಲ್ಲಿ ನಿಂತು ಆಗ್ನೇಯಕ್ಕೆ ತಿರುಗಿ. ಮೌಂಟ್ ಬೇಕರ್ ಕಾಣುತ್ತದೆ. ಅಮೆರಿಕದ ಒಳಗಿರುವ ಜ್ವಾಲಾಮುಖಿ ಬೆಟ್ಟ, 3,286 ಮೀಟರ್, ವರ್ಷವಿಡೀ ಬಿಳಿ.

ಸ್ಟ್ಯಾನ್ಲಿ ಪಾರ್ಕ್ ಸುಮಾರು 400 ಹೆಕ್ಟೇರ್. ಸುತ್ತಲೂ ಸಮುದ್ರದ ಅಂಚಿಗೆ ಕಟ್ಟಿದ ಗೋಡೆಯ ಮೇಲೆ ದಾರಿ, ಹತ್ತಿರ ಹತ್ತಿರ 10 ಕಿಲೋಮೀಟರ್. ಪೂರ್ತಿ ಸುತ್ತಬೇಕು ಅನ್ನುವ ಹಟ ಬೇಡ. ಡೌನ್‌ಟೌನ್‌ನಿಂದ 19ನೇ ಬಸ್ ಪಾರ್ಕಿನ ಒಳಗೇ ಹೋಗುತ್ತದೆ. ನನ್ನ ಸಲಹೆ ಎರಡು ಬೇರೆ ಬೇರೆ ದಿನ. ಒಂದು ದಿನ ಬ್ರಾಕ್ಟನ್ ಪಾಯಿಂಟ್ ಕಡೆ. ಅಲ್ಲಿ ಈ ನೆಲದ ಮೂಲ ಜನರ ಕೆತ್ತನೆಯ ಕಂಬಗಳಿವೆ. ಮುಂದೆ ಲಂಬರ್‌ಮನ್ಸ್ ಆರ್ಚ್ ಹತ್ತಿರ ಮಕ್ಕಳಿಗೆ ಉಚಿತ ನೀರಾಟದ ಜಾಗ. ದಾರಿಯಲ್ಲಿ ಸೈಕಲ್‌ಗೆ ಬೇರೆ ಪಟ್ಟಿ, ನಡೆಯುವವರಿಗೆ ಬೇರೆ ಪಟ್ಟಿ. ಅಪ್ಪಿತಪ್ಪಿಯೂ ಸೈಕಲ್ ಪಟ್ಟಿಯಲ್ಲಿ ನಿಂತು ಫೋಟೋ ತೆಗೆಯಬೇಡಿ.

ಇನ್ನೊಂದು ದಿನ ಇಂಗ್ಲಿಷ್ ಬೇ ಕಡೆಯಿಂದ ಸೆಕೆಂಡ್ ಬೀಚ್. ಆಟದ ಮೈದಾನ, ಈಜುಕೊಳ, ಶೌಚಾಲಯ ಎಲ್ಲಾ ಹತ್ತಿರ ಹತ್ತಿರ. ಟೆನಿಸ್ ಅಂಕಣದ ಪಕ್ಕದ ಮರಗಳ ಮೇಲೆ ನೋಡಿ, ದೊಡ್ಡ ನೀಲಿ ಬಕಗಳ ಗೂಡುಗಳಿವೆ. ಊರ ನಡುವೆ ಇಷ್ಟು ದೊಡ್ಡ ಬಕದ ವಸಾಹತು ಸಿಗುವುದು ಅಪರೂಪ. ಮರಿಗಳು ಆಗಸ್ಟ್ ಹೊತ್ತಿಗೆ ಹಾರಿಹೋಗುತ್ತವೆ, ಅದಕ್ಕೇ ಈ ಕಡೆ ಜುಲೈಯಲ್ಲೇ ಹೋಗಿ. ಕೆಲವು ಕಡೆ ಮರ ಕಡಿದಿರುವುದು ಕಂಡರೆ ಮಕ್ಕಳಿಗೆ ಕಾರಣ ಹೇಳಿ. ಲೂಪರ್ ಅನ್ನುವ ಪತಂಗದ ಹುಳು ಹಬ್ಬಿ ಸಾವಿರಾರು ಮರ ಒಣಗಿದವು, ಬೆಂಕಿಯ ಭಯಕ್ಕೆ ತೆಗೆಯಬೇಕಾಯಿತು. ನೋಡಿದರೆ ಈಗಲೂ ಸಂಕಟವಾಗುತ್ತದೆ.

ಧಾರವಾಡದ ಮೇಷ್ಟ್ರು

ನಾನು ಮಗನ ಮನೆಗೆ ಬಂದು ಹೋಗುವ ಅಜ್ಜ. ಅಜ್ಜ-ಅಜ್ಜಿಯರ ಕಡೆಯಿಂದ ಎರಡು ಮಾತು ಹೇಳುತ್ತೇನೆ, ತಾಯೀ.

ನಮಗೆ ಬರೀ ಸುಂದರ ಜಾಗ ಸಾಲುವುದಿಲ್ಲ. ಇಲ್ಲಿಯ ಜನ ಯಾರು, ಮೊದಲು ಯಾರಿದ್ದರು, ನಮ್ಮವರು ಯಾವಾಗ ಬಂದರು ಅಂತ ತಿಳಿಯಬೇಕು. ಅದಕ್ಕೆ ಕೋಲ್ ಹಾರ್ಬರ್‌ಗೆ ಕರೆದುಕೊಂಡು ಹೋಗಿ. ನೀರಿನ ಪಕ್ಕದ ಸಮತಟ್ಟು ದಾರಿ. ಪುಟ್ಟ ವಿಮಾನಗಳು ಸಮುದ್ರದ ಮೇಲೆಯೇ ಇಳಿಯುತ್ತವೆ, ಅಲ್ಲಿಂದಲೇ ಏಳುತ್ತವೆ. ಮೊಮ್ಮಗ ಅದನ್ನು ನೋಡುತ್ತಿರಲಿ. ಅಲ್ಲೇ ಕೊಮಗಾಟ ಮಾರು ಸ್ಮಾರಕ ಇದೆ. 1914ರ ಮೇ 23ಕ್ಕೆ ಆ ಹಡಗು 376 ಜನರನ್ನು ಹೊತ್ತು ಇದೇ ಬಂದರಿಗೆ ಬಂತು. ಹೆಚ್ಚಿನವರು ಪಂಜಾಬಿನವರು. ಎರಡು ತಿಂಗಳು ನೀರಿನಲ್ಲೇ ನಿಲ್ಲಿಸಿ, 24 ಜನರನ್ನು ಮಾತ್ರ ಇಳಿಸಿಕೊಂಡು, ಜುಲೈ 23ಕ್ಕೆ ಹಡಗನ್ನು ವಾಪಸ್ ಕಳಿಸಿದರು. ಕೆನಡಾದ ಪ್ರಧಾನಿ ಸಂಸತ್ತಿನಲ್ಲಿ ಕ್ಷಮೆ ಕೇಳಿದ್ದು 2016ರಲ್ಲಿ. 9 ವರ್ಷದ ಹುಡುಗಿಗೆ ಇದು ಅರ್ಥವಾಗುತ್ತದೆ. ಸರ್ರೆಯಲ್ಲಿ ಬೆಳೆಯುವ ಮಗು ಇದನ್ನು ತಿಳಿದಿರಲೇಬೇಕು. ಅವಳ ಜೊತೆ ಓದುವ ಪಂಜಾಬಿ ಮಕ್ಕಳ ಹಿಂದಿನ ಕಥೆ ಅದು.

ಇನ್ನೊಂದು, ಬ್ರಿಟಿಷ್ ಕೊಲಂಬಿಯಾ ವಿಶ್ವವಿದ್ಯಾಲಯದ ಆವರಣದಲ್ಲಿರುವ ಮಾನವಶಾಸ್ತ್ರ ಮ್ಯೂಸಿಯಂ. ಟಿಕೆಟ್ ಇದೆ, ಆದರೆ ಕೊಡುವುದಕ್ಕೆ ಯೋಗ್ಯ. ಕಮರ್ಷಿಯಲ್–ಬ್ರಾಡ್‌ವೇಯಲ್ಲಿ ಇಳಿದು 99 ಬಸ್ ಹಿಡಿದರೆ ವಿಶ್ವವಿದ್ಯಾಲಯ ಮುಟ್ಟುತ್ತೀರಿ. ಈ ಕರಾವಳಿಯ ಮೂಲನಿವಾಸಿಗಳಾದ ಹೈಡಾ ಜನಾಂಗದ ಕಲಾವಿದ ಬಿಲ್ ರೀಡ್ ಮರದಲ್ಲಿ ಕೆತ್ತಿದ ದೊಡ್ಡ ಕಾಗೆ ಇದೆ. ಚಿಪ್ಪಿನೊಳಗಿಂದ ಮೊದಲ ಮನುಷ್ಯರು ಇಣುಕುತ್ತಿದ್ದಾರೆ, ಕಾಗೆ ಚಿಪ್ಪಿನ ಮೇಲೆ ಕೂತಿದೆ. ಮುಖಗಳನ್ನು ಒಂದೊಂದಾಗಿ ನೋಡಿ. ಒಬ್ಬನಿಗೆ ಹೆದರಿಕೆ, ಇನ್ನೊಬ್ಬನಿಗೆ ಕುತೂಹಲ, ಮತ್ತೊಬ್ಬ ಒಳಗೇ ಇರುತ್ತೇನೆ ಅನ್ನುವ ಹಾಗಿದ್ದಾನೆ. ಒಳಗಿನ ಗ್ಯಾಲರಿಯಲ್ಲಿ ಮಕ್ಕಳೇ ಡ್ರಾಯರ್ ಎಳೆದು ವಸ್ತುಗಳನ್ನು ನೋಡಬಹುದು. ಕೂರಲು ಜಾಗ ಬೇಕಾದಷ್ಟಿದೆ.

ಮಳೆ ಬಂದರೆ ಹೆದರಬೇಡಿ, ಶಿರಸಿಯವರಿಗೆ ಮಳೆ ಹೊಸದಲ್ಲ. ಕಾರಣವೂ ಒಂದೇ. ಸಮುದ್ರದ ಗಾಳಿ ಬೆಟ್ಟಕ್ಕೆ ತಾಗಿ ಮೇಲೇರುತ್ತದೆ, ತಣ್ಣಗಾಗುತ್ತದೆ, ಸುರಿಯುತ್ತದೆ. ಅಲ್ಲಿ ಸಹ್ಯಾದ್ರಿ, ಇಲ್ಲಿ ಉತ್ತರ ದಡದ ಬೆಟ್ಟಗಳು. ಅದಕ್ಕೇ ವಿಮಾನ ನಿಲ್ದಾಣದ ಕಡೆಗಿಂತ ನಾರ್ತ್ ವ್ಯಾಂಕೂವರ್‌ನಲ್ಲಿ ಎರಡು ಪಟ್ಟು ಮಳೆ. ಕಾಲ ಮಾತ್ರ ಉಲ್ಟಾ, ಇಲ್ಲಿ ಜುಲೈ-ಆಗಸ್ಟ್ ಒಣಗಾಲ.

ನಾರ್ತ್ ವ್ಯಾನ್ ಅಮ್ಮ

ಮೇಷ್ಟ್ರೇ, ಆ ಕಾಗೆಯ ಬಗ್ಗೆ ತುಂಬಾ ಚೆನ್ನಾಗಿ ಹೇಳಿದಿರಿ. ನಾವು ಮುಂದಿನ ಸಲ ಮುಖಗಳನ್ನು ನಿಂತು ನೋಡುತ್ತೇವೆ.

ಒಣಗಾಲ ಅಂದ ಕೂಡಲೇ ನೆನಪಾಯಿತು. ಕೆಲವು ವರ್ಷ ಆಗಸ್ಟ್‌ನಲ್ಲಿ ಕಾಡ್ಗಿಚ್ಚಿನ ಹೊಗೆ ಊರಿನ ಮೇಲೆ ಬಂದು ನಿಲ್ಲುತ್ತದೆ. ಹಿರಿಯರಿಗೂ ಚಿಕ್ಕ ಮಕ್ಕಳಿಗೂ ಅದು ಒಳ್ಳೆಯದಲ್ಲ. ಅಂಥ ದಿನಕ್ಕೆ ಒಳಗಿನ ಜಾಗಗಳನ್ನು ಉಳಿಸಿಕೊಳ್ಳಿ. ಸೈನ್ಸ್ ವರ್ಲ್ಡ್ ಇದೆ, 1986ರ ಎಕ್ಸ್‌ಪೋ ವಿಶ್ವಮೇಳಕ್ಕೆ ಕಟ್ಟಿದ ಗುಂಡನೆಯ ಗುಮ್ಮಟ. ನಿಮ್ಮ ರೈಲು ನೇರ ಅದರ ಮುಂದೆಯೇ ನಿಲ್ಲುತ್ತದೆ. ಕ್ವೀನ್ ಎಲಿಜಬೆತ್ ಪಾರ್ಕಿನಲ್ಲಿ ಬ್ಲೋಡೆಲ್ ಗಾಜಿನ ಮನೆ ಇದೆ. ಒಳಗೆ ಉಷ್ಣವಲಯದ ಗಿಡ, ಬಿಟ್ಟ ಹಕ್ಕಿಗಳು, ಮಾತಾಡುವ ಗಿಳಿಗಳು. ನನ್ನ ಅಮ್ಮ ಬಂದಾಗ ಒಳಗೆ ಕಾಲಿಟ್ಟ ಕೂಡಲೇ ಸ್ವೆಟರ್ ಬಿಚ್ಚಿ ಗಿಡಗಳ ಪರಿಚಯ ಶುರು ಮಾಡಿದರು. ನಾವು ಬೋರ್ಡ್ ಓದಬೇಕಾಗಲೇ ಇಲ್ಲ.

ಕುಂದಾಪ್ರದವ

ಸಮುದ್ರದ ವಿಷಯ ಇನ್ನೂ ಯಾರೂ ಸರಿಯಾಗಿ ಹೇಳಿಲ್ಲ. ಸ್ಪ್ಯಾನಿಷ್ ಬ್ಯಾಂಕ್ಸ್ ಬೀಚಿಗೆ ಇಳಿತದ ಹೊತ್ತಿಗೆ ಹೋಗಿ. ಇಲ್ಲಿ ಭರತ-ಇಳಿತದ ವ್ಯತ್ಯಾಸ ನಮ್ಮ ಕರಾವಳಿಗಿಂತ ಎರಡು ಪಟ್ಟಿಗೂ ಜಾಸ್ತಿ. ನೀರು ಹಿಂದೆ ಸರಿದರೆ ಹತ್ತಿರ ಹತ್ತಿರ ಒಂದು ಕಿಲೋಮೀಟರ್ ಮರಳು ಬಯಲಾಗುತ್ತದೆ. ಪಾದ ಮುಳುಗುವಷ್ಟು ನೀರು, ಬಿಸಿಲಿಗೆ ಬೆಚ್ಚಗಾಗಿರುತ್ತದೆ. ಮಕ್ಕಳು ಎಷ್ಟು ಓಡಿದರೂ ಕಣ್ಣಿಗೆ ಕಾಣುತ್ತಿರುತ್ತಾರೆ. ಪುಟ್ಟ ಏಡಿ, ಚಿಪ್ಪು ಕೈಗೆ ಸಿಗುತ್ತವೆ. ನೋಡಿ ಅಲ್ಲೇ ಬಿಡಿ. ಈ ಕೊಲ್ಲಿಯ ಚಿಪ್ಪು ತೆಗೆದು ತಿನ್ನುವುದಕ್ಕೆ ನಿಷೇಧ ಇದೆ, ನೀರು ಅಷ್ಟು ಶುದ್ಧ ಅಲ್ಲ.

ಬೇಸಿಗೆಯಲ್ಲಿ ಅತಿ ದೊಡ್ಡ ಇಳಿತ ಹಗಲು ಹೊತ್ತು ಬರುತ್ತದೆ, ಚಳಿಗಾಲದಲ್ಲಿ ರಾತ್ರಿ. ಅತ್ತೆಯವರ ಪಂಚಾಂಗ ನೋಡಿ, ಅಮಾವಾಸ್ಯೆ-ಹುಣ್ಣಿಮೆ ಆಸುಪಾಸಿನ ದಿನ ಆರಿಸಿ. ಗಂಟೆಗೆ ಮಾತ್ರ ಕೆನಡಾ ಮೀನುಗಾರಿಕೆ ಇಲಾಖೆಯ ಪಟ್ಟಿಯಲ್ಲಿ ಪಾಯಿಂಟ್ ಅಟ್ಕಿನ್ಸನ್ ಅಂತ ಹುಡುಕಿ. ಒಂದು ಎಚ್ಚರಿಕೆ: ಅಲ್ಲಿಂದ ಮುಂದೆ ವಿಶ್ವವಿದ್ಯಾಲಯದ ಕೆಳಗಿರುವ ರೆಕ್ ಬೀಚಿಗೆ ಹೋಗಬೇಡಿ. ಅಲ್ಲಿ ಬಟ್ಟೆ ಇಲ್ಲದೆ ಓಡಾಡುವುದು ರೂಢಿ. ಅತ್ತೆ-ಮಾವನ ಜೊತೆ ಮುಜುಗರ.

ನಿಮ್ಮ ಮನೆಗೆ ಹತ್ತಿರ ವೈಟ್ ರಾಕ್ ಇದೆ. 470 ಮೀಟರ್ ಉದ್ದದ ಮರದ ಕಟ್ಟೆ ಸಮುದ್ರದೊಳಗೆ ಹೋಗುತ್ತದೆ. 2018ರ ಡಿಸೆಂಬರ್ ಬಿರುಗಾಳಿಗೆ ಮುರಿದಿತ್ತು, ಮರುವರ್ಷ ಸರಿ ಮಾಡಿದರು. ದಡಕ್ಕೆ ತಾಗಿ ಗೂಡ್ಸ್ ರೈಲು ಹೋಗುತ್ತದೆ, ಹುಡುಗರಿಗೆ ಖುಷಿಯೋ ಖುಷಿ. ಊರಿನ ಮೇಲ್ಭಾಗದಿಂದ ಬೀಚಿಗೆ ಇಳಿಜಾರು ತುಂಬಾ ಕಡಿದಾಗಿದೆ, ಮಾವನವರನ್ನು ನಡೆಸಿಕೊಂಡು ಇಳಿಸಬೇಡಿ.

ಸರ್ರೆಯ ಶಿರಸಿ ಸೊಸೆ

ಯಜಮಾನರ ಜೊತೆ ಕೂತು ಬರೆದುಕೊಂಡೆವು. ಮೊದಲ ವಾರ ಜೆಟ್ ಲ್ಯಾಗ್, ಎಲ್ಲಿಯೂ ಇಲ್ಲ, ಒಂದು ಸಂಜೆ ವೈಟ್ ರಾಕ್ ಅಷ್ಟೇ. ಆಮೇಲೆ ಒಂದು ಭಾನುವಾರ ರೈಲು-ಸೀಬಸ್-ಶಿಪ್‌ಯಾರ್ಡ್ಸ್. ಜುಲೈ ಮಧ್ಯದ ಒಳಗೆ ವಿಸ್ಲರ್, ಕಾರು ಬಾಡಿಗೆಗೆ ತೆಗೆದುಕೊಂಡು ಬರುವಾಗ ಬ್ರಿಟಾನಿಯಾ. ಬಕದ ಗೂಡು ಜುಲೈಯಲ್ಲೇ. ಮೀನು ಆಗಸ್ಟ್ ಕೊನೆಗೆ. ಮ್ಯೂಸಿಯಂ, ಕೋಲ್ ಹಾರ್ಬರ್, ಸ್ಪ್ಯಾನಿಷ್ ಬ್ಯಾಂಕ್ಸ್ ನಡುವೆ. ಲಿನ್ ಕ್ಯಾನಿಯನ್‌ಗೆ ಅತ್ತೆ ಮತ್ತು ಮಗಳನ್ನು ಮಾತ್ರ ಕಳಿಸುತ್ತೇವೆ. ಕ್ಯಾಪಿಲಾನೊ ಸೇತುವೆ, ಗ್ರೌಸ್ ಎರಡೂ ಬಿಟ್ಟೆವು.

ಗ್ರ್ಯಾನ್‌ವಿಲ್ ಐಲ್ಯಾಂಡ್ ಬಗ್ಗೆ ಯಾರೂ ಹೇಳಲಿಲ್ಲ. ಅಲ್ಲಿ ಊಟ ಒಯ್ದು ತಿನ್ನಬಹುದಾ?

ಬರ್ನಬಿ ಮಾಮ

ತಿನ್ನಬಹುದು. ಮಾರ್ಕೆಟ್ ಹಿಂದೆ ನೀರಿನ ಕಡೆ ಕೂರಲು ಜಾಗ ಇದೆ. ಆದರೆ ಕಡಲ ಹಕ್ಕಿಗಳು ಕೈಯಲ್ಲಿದ್ದದ್ದನ್ನೇ ಕಸಿದುಕೊಂಡು ಹೋಗುತ್ತವೆ. ಚಪಾತಿ ಸುತ್ತಿ ಕೈಯಲ್ಲಿ ಹಿಡಿದು ನಿಲ್ಲಬೇಡಿ. ಡಬ್ಬಿಯಲ್ಲಿ ಚಿತ್ರಾನ್ನ, ಮೊಸರನ್ನ ಒಯ್ದು, ಮುಚ್ಚಳ ಹತ್ತಿರ ಇಟ್ಟುಕೊಂಡು ತಿನ್ನಿ. ಸೈನ್ಸ್ ವರ್ಲ್ಡ್ ಹತ್ತಿರದಿಂದ ಪುಟ್ಟ ದೋಣಿಗಳು ಅಲ್ಲಿಗೆ ಹೋಗುತ್ತವೆ, ಹತ್ತಿಪ್ಪತ್ತು ಜನ ಹಿಡಿಸುವಂಥವು. ಅದಕ್ಕೆ ಬಸ್ ಪಾಸ್ ನಡೆಯುವುದಿಲ್ಲ, ಬೇರೆ ಟಿಕೆಟ್. ಹೋಗುವಾಗ ದೋಣಿ, ಬರುವಾಗ ಬಸ್ ಮಾಡಿ. ದೋಣಿ ಕಟ್ಟೆಗೆ ಇಳಿಯುವ ಹಲಗೆ ನೀರು ಇಳಿದಾಗ ಕಡಿದಾಗುತ್ತದೆ. ಹಾಗಾಗಿ ಮಾವನವರನ್ನು ಭರತದ ಹೊತ್ತಿಗೆ ಕರೆದುಕೊಂಡು ಹೋಗಿ.